ಹೌದು ಹೌದು ಅಂದವರ ಅಭಿಪ್ರಾಯ

2014ರ ಮಳೆಗಾಲ. ನಾನಾಗ ಕೊನೆಯ ವರ್ಷದ ಬಿ.ಎ.ಯಲ್ಲಿದ್ದೆ. ರಾಜ್ಯಶಾಸ್ತ್ರದ ಮೇಡಂ ನಾಲ್ವರನ್ನು ಕರೆದು, ಎರಡು ತಿಂಗಳ ಇಂಟರ್ನ್‌ಶಿಪ್ ಇದೆ ಎಂದರು. ಸಂಬಳ ಇಲ್ಲ, ಬಸ್ ಚಾರ್ಜು ಮಾತ್ರ. ಸಂವಿಧಾನದಲ್ಲಿ ಏನು ಬದಲಾಗಬೇಕು ಎಂದು ಕೊಡಗು ಜಿಲ್ಲೆಯ ಹಿರಿಯ ವಕೀಲರು, ನಿವೃತ್ತ ಪ್ರಾಧ್ಯಾಪಕರನ್ನು ಕೇಳಿ ಬರೆದು ತರಬೇಕು. ನಾನು ಒಪ್ಪಿದ್ದು ಸಂವಿಧಾನದ ಮೇಲಿನ ಪ್ರೀತಿಯಿಂದೇನಲ್ಲ. ನಾಪೋಕ್ಲಿನ ಮನೆಯಲ್ಲಿದ್ದರೆ ನಾಟಿ ಗದ್ದೆಗೆ ಇಳಿಸುತ್ತಾರೆ ಅಂತ.

ಮೊದಲ ವಾರ ಓದು. ಸಂವಿಧಾನದ ಪರಾಮರ್ಶೆಗೆ ನೇಮಿಸಿದ್ದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಆಯೋಗ 2002ರಲ್ಲಿ ಕೊಟ್ಟ ವರದಿಯನ್ನು ಹಂಚಿಕೊಂಡು ಓದಿದೆವು. ಸಚಿವರ ಸಂಖ್ಯೆ ಕೆಳಮನೆಯ, ಅಂದರೆ ಲೋಕಸಭೆ ಅಥವಾ ವಿಧಾನಸಭೆಯ, ಸದಸ್ಯರ ಶೇ. 10 ಮೀರಬಾರದು ಎಂದಿತ್ತು ಆಯೋಗ. ಸಂಸತ್ತು 2003ರಲ್ಲಿ 91ನೇ ತಿದ್ದುಪಡಿ ಮಾಡುವಾಗ ಅದನ್ನು 15 ಮಾಡಿಕೊಂಡಿತು. 224 ಜನರ ನಮ್ಮ ವಿಧಾನಸಭೆಗೆ ಅದರಿಂದಲೇ ಮುಖ್ಯಮಂತ್ರಿ ಸೇರಿ ಹೆಚ್ಚೆಂದರೆ 34 ಸಚಿವರು. ತಜ್ಞರ ಮಾತು ಸಂಸತ್ತಿಗೆ ಹೋಗುವಷ್ಟರಲ್ಲಿ ಎಷ್ಟು ಹಿಗ್ಗುತ್ತೆ ನೋಡಿ!

ಆಮೇಲೆ ಹನ್ನೆರಡು ಪ್ರಶ್ನೆಗಳ ಹಾಳೆ ತಯಾರಿಸಿದೆವು. ಎಲ್ಲಕ್ಕೂ ಹೌದು ಅಥವಾ ಇಲ್ಲ, ಟಿಕ್ ಹಾಕಿದರೆ ಮುಗಿಯಿತು. ವಿರಾಜಪೇಟೆಯ ಒಬ್ಬ ವಯಸ್ಸಾದ ವಕೀಲರು ಬೆಲ್ಲದ ಕಾಫಿ ಕೊಟ್ಟು, ಪ್ರತಿ ಪ್ರಶ್ನೆಗೂ "ಹೌದು ಹೌದು" ಎಂದರು. ನಾನು ಹನ್ನೆರಡಕ್ಕೂ ಟಿಕ್ ಹಾಕಿ ಖುಷಿಯಿಂದ ಬಸ್ ಹತ್ತಿದೆ.

ಮೇಡಂ ಹಾಳೆ ನೋಡಿ ನಕ್ಕರು. "ಎರಡನೇ ಪ್ರಶ್ನೆಗೂ ಏಳನೆಯದಕ್ಕೂ ಒಟ್ಟಿಗೆ ಹೌದು ಅನ್ನೋಕೆ ಆಗಲ್ಲ ಮಾರಾಯ್ತಿ. ವಾಪಸ್ ಹೋಗು."

ಹೋದೆ, ಸುರಿಯುವ ಮಳೆಯಲ್ಲಿ. ವಕೀಲರು ಹೇಳಿದರು: "ಹೌದು ಅಂದ್ರೆ ನಿನ್ನ ಪ್ರಶ್ನೆ ಕೇಳಿಸ್ತು ಅಂತ, ಮಗಳೇ. ಬದಲಾಗ್ಬೇಕಾ ಅಂತ ಕೇಳ್ಬೇಡ. ಬದಲಾದ್ರೆ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಗುತ್ತೆ ಅಂತ ಕೇಳು." ಆಮೇಲೆ ಅವರೇ ನನಗೊಂದು ಪ್ರಶ್ನೆ ಹಾಕಿದರು. "ಕೊಡಗಿನ ಮುಖ್ಯಮಂತ್ರಿ ಯಾರಿದ್ರು?"

ನನಗೆ ಗೊತ್ತಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದವಳು ನಾನು! ಆಗ ಸಂವಿಧಾನ ರಾಜ್ಯಗಳನ್ನು ವರ್ಗಗಳಾಗಿ ವಿಂಗಡಿಸಿತ್ತು; ಕೊಡಗು ಕೇಂದ್ರದ ಹಿಡಿತ ಹೆಚ್ಚಿದ್ದ 'ಸಿ' ವರ್ಗದ ರಾಜ್ಯವಾಗಿತ್ತು. 1952ರ ಚುನಾವಣೆಯಲ್ಲಿ ನಮ್ಮದೇ ವಿಧಾನಸಭೆಗೆ 24 ಜನ ಆರಿಸಿ ಬಂದರು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರಲ್ಲಿ 7ನೇ ತಿದ್ದುಪಡಿ ಎ, ಬಿ, ಸಿ ವರ್ಗಗಳನ್ನೇ ತೆಗೆದುಹಾಕಿತು. ರಾಜ್ಯ ಪುನರ್ವಿಂಗಡಣೆಯಲ್ಲಿ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಈಗ ಇಡೀ ಜಿಲ್ಲೆಗೆ ಮಡಿಕೇರಿ, ವಿರಾಜಪೇಟೆ ಎಂದು ಎರಡೇ ಕ್ಷೇತ್ರ. ತಿದ್ದುಪಡಿ ಎಂದರೆ ದೆಹಲಿಯ ವಿಷಯ ಎಂದುಕೊಂಡಿದ್ದ ನನಗೆ ಕಾಫಿ ತಣ್ಣಗಾದದ್ದೇ ತಿಳಿಯಲಿಲ್ಲ. ಹಾಗೆ ಸೇರಿದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಕೇಳಿದೆ. "ಎರಡು ಗಂಟೆ ಇದ್ಯಾ?" ಎಂದರು.

ಹಳೆಯ ಹಾಳೆ ಬಿಸಾಡಿದೆವು. ಮಾತನ್ನು ಮಾತಾಗಿಯೇ ಬರೆದುಕೊಳ್ಳತೊಡಗಿದೆವು. ಆಗ ಜಗಳಗಳು ಕಾಣಿಸಿದವು. ಪಕ್ಷ ಬಿಟ್ಟವರು ಮತ್ತೆ ಗೆದ್ದು ಬರುವವರೆಗೆ ಮಂತ್ರಿಯಾಗಬಾರದು ಎಂದರು ಒಬ್ಬ ಪ್ರಾಧ್ಯಾಪಕರು. ನಮ್ಮ ವಕೀಲರಿಗೆ 1985ರ ಪಕ್ಷಾಂತರ ನಿಷೇಧ ಕಾನೂನಿನ ಮೇಲೇ ಸಿಟ್ಟು. ಹೀಗೇ ಮತ ಹಾಕು ಎಂಬ ಪಕ್ಷದ ಆದೇಶ, ಅಂದರೆ ವಿಪ್, ಬಂದ ಮೇಲೆ ಶಾಸಕ ಬಾಯಿ ತೆರೆಯುವ ಹಾಗಿಲ್ಲ, ಹಾಗಾದರೆ ನಾವು ಆರಿಸಿದ್ದು ಯಾರನ್ನು ಎಂಬುದು ಅವರ ವಾದ. ಇಬ್ಬರೂ 'ಸುಧಾರಣೆ ಬೇಕು' ಎನ್ನುವವರೇ. ಟಿಕ್ ಹಾಕಿದ್ದರೆ ಇಬ್ಬರೂ ಒಂದೇ ಕಾಲಂನಲ್ಲಿ ಕೂರುತ್ತಿದ್ದರು.

ಬರೆದದ್ದನ್ನು ತೋರಿಸಿ ಸಹಿ ಹಾಕಿಸಬೇಕೆಂದು ಮೇಡಂ ಹೇಳಿದ್ದರು. ನಾನು ಹೋದದ್ದು ಆಗಸ್ಟ್ 3ರ ಭಾನುವಾರ, ಕಕ್ಕಡ ಹದಿನೆಂಟು: ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪು ಎಂಬ ಔಷಧಿ ಸೊಪ್ಪಿನ ಅಡುಗೆ ಮಾಡಿ ತಿನ್ನುವ ದಿನ. ಬಿಡುತ್ತಾರಾ? ಮದ್ದು ಸೊಪ್ಪಿನ ಪಾಯಸ ಬಂತು. ವಕೀಲರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ನಾನು 'ಬದಲಾಗಬೇಕು' ಎಂದು ಬರೆದಿದ್ದ ಒಂದು ಕಡೆ ಹೊಡೆದು 'ಬದಲಾಗಬೇಕಾದೀತು' ಎಂದು ತಿದ್ದಿದರು. ಸಹಿ ಹಾಕಿದರು.

ಆ ಹಾಳೆಯ ಜೆರಾಕ್ಸ್ ಈಗಲೂ ನನ್ನ ಹತ್ತಿರ ಇದೆ. ಮೂಲೆಯಲ್ಲಿ ಬಿದ್ದಿದ್ದ ಪಾಯಸದ ನೇರಳೆ ಕಲೆ ಅದರಲ್ಲಿ ಕಪ್ಪಾಗಿ ಬಂದಿದೆ.