ಕಾರಿನೊಳಗಿನ ಸಿಗರೇಟ್ ವಾಸನೆ: ಪರ್ಫ್ಯೂಮ್ ಬಿಡಿ, ಚಾವಣಿಯಿಂದ ಶುರುಮಾಡಿ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ, ಬಾಗಿಲು ತೆಗೆದ ಕೂಡಲೇ ಪರ್ಫ್ಯೂಮ್ ಮೂಗಿಗೆ ಹೊಡೆದರೆ ಅಲ್ಲೇ ಒಂದು ಅನುಮಾನ ಇಟ್ಟುಕೊಳ್ಳಿ. ಡ್ರೈವರ್ ಕಡೆಯ ಸೀಟ್ ಬೆಲ್ಟನ್ನು ಪೂರ್ತಿ ಎಳೆದು, ಸದಾ ಒಳಗೇ ಸುತ್ತಿಕೊಂಡಿರುವ ಭಾಗವನ್ನು ಮೂಸಿ ನೋಡಿ. ಬಿಳಿ ಹತ್ತಿ ಬಟ್ಟೆಯನ್ನು ತುಸು ಒದ್ದೆ ಮಾಡಿ ಡ್ರೈವರ್ ತಲೆಯ ಮೇಲಿನ ಸನ್ ವೈಸರ್ ಹಿಂಭಾಗ ಮತ್ತು ಮುಂದಿನ ಗಾಜಿನ ಕೆಳಮೂಲೆ ಒರೆಸಿ. ಧೂಳಾದರೆ ಬೂದು ಬಣ್ಣ ಬರುತ್ತದೆ, ಸಿಗರೇಟಾದರೆ ಜಿಡ್ಡು ಜಿಡ್ಡಾದ ಹಳದಿ ಕಂದು. ಕೊನೆಗೆ ಎಸಿಯನ್ನು ಒಳಗಿನ ಗಾಳಿಯೇ ತಿರುಗುವ ಮೋಡ್‌ಗೆ ಹಾಕಿ, ಬ್ಲೋವರ್ ಫುಲ್ ಇಟ್ಟು ಎರಡು ನಿಮಿಷ ಕೂರಿ. ಆಮೇಲೆ ಹೀಟರ್ ಕಡೆಗೂ ತಿರುಗಿಸಿ. ನಮ್ಮ ಕಡೆ ಹೀಟರನ್ನು ಯಾರೂ ಮುಟ್ಟುವುದಿಲ್ಲ, ಹಾಗಾಗಿ ಮಾರುವವರು ಅದನ್ನು ಪರೀಕ್ಷಿಸಿರುವುದಿಲ್ಲ. ಬಿಸಿ ಗಾಳಿಯ ಜೊತೆ ಹಳೆಯ ಹೊಗೆಯ ವಾಸನೆ ತಪ್ಪದೆ ಹೊರಗೆ ಬರುತ್ತದೆ.

ಕಾರು ಆಗಲೇ ಮನೆಗೆ ಬಂದಿದ್ದರೂ ಚಿಂತೆಯಿಲ್ಲ. ಈ ವಾಸನೆ ಹೋಗುತ್ತದೆ. ಆದರೆ ವಾಸನೆ ಗಾಳಿಯಲ್ಲಿದೆ ಎಂದುಕೊಂಡು ಗಾಳಿಗೆ ಔಷಧಿ ಹೊಡೆಯುತ್ತಾ ಕೂತರೆ ಮಾತ್ರ ಎಂದೂ ಹೋಗದು. ಸಿಗರೇಟ್ ಹೊಗೆಯಲ್ಲಿರುವ ಟಾರ್ ಮತ್ತು ನಿಕೋಟಿನ್ ಗಾಜು, ಪ್ಲಾಸ್ಟಿಕ್, ಬಟ್ಟೆ, ಸ್ಪಂಜು ಎಲ್ಲದರ ಮೇಲೂ ತೆಳ್ಳನೆಯ ಅಂಟು ಪದರವಾಗಿ ಕೂರುತ್ತವೆ. ಕಾರು ಬಿಸಿಲಲ್ಲಿ ಕಾದಾಗ, ಇಲ್ಲವೇ ತೇವ ತಾಗಿದಾಗ ಆ ಪದರದಿಂದ ಸ್ವಲ್ಪ ಸ್ವಲ್ಪವೇ ಆವಿ ಏಳುತ್ತದೆ. ಬೆಳಿಗ್ಗೆ ಇಲ್ಲದ ವಾಸನೆ ಮಧ್ಯಾಹ್ನ ಬರುವುದು, ಬೇಸಿಗೆಯಲ್ಲಿ ಮರೆತೇಹೋಗಿದ್ದದ್ದು ಮಳೆಗಾಲದ ತೇವಕ್ಕೆ ಮತ್ತೆ ಏಳುವುದು ಇದರಿಂದಲೇ. ಪದರವನ್ನು ಕರಗಿಸಿ ಬಟ್ಟೆಗೆ ಹತ್ತಿಸಿಕೊಂಡು ಕಾರಿನಿಂದ ಆಚೆ ಹಾಕಬೇಕು, ಕೆಲಸ ಇಷ್ಟೇ.

ಮಕ್ಕಳಿರುವ ಮನೆಯವರು ಇದನ್ನು ಬರೀ ವಾಸನೆಯ ವಿಷಯ ಎಂದುಕೊಳ್ಳಬಾರದು. ಹೀಗೆ ಅಂಟಿದ ನಿಕೋಟಿನ್, ಗಾಳಿಯಲ್ಲಿರುವ ನೈಟ್ರಸ್ ಆಮ್ಲದ ಜೊತೆ ಸೇರಿ ಕ್ಯಾನ್ಸರ್ ತರಬಲ್ಲ ನೈಟ್ರೋಸಮೈನ್‌ಗಳಾಗುತ್ತದೆ ಎಂದು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು 2010ರಲ್ಲಿ ತೋರಿಸಿದರು. ಸಿಗರೇಟ್ ಸೇದುವವರ ವಾಹನದ ಒಳಮೈ ಮೇಲೂ ಅವು ಸಿಕ್ಕಿದ್ದವು. ಸೀಟನ್ನು ಸವರಿದ ಕೈಯನ್ನೇ ಮಗು ಬಾಯಿಗೆ ಇಟ್ಟುಕೊಳ್ಳುತ್ತದೆ. ಪರ್ಫ್ಯೂಮ್ ಹೊಡೆದು ಮುಚ್ಚುವುದಕ್ಕೂ ತೊಳೆದು ತೆಗೆಯುವುದಕ್ಕೂ ಇರುವ ವ್ಯತ್ಯಾಸ ಇದು.

ಮೊದಲು ಕಾರನ್ನು ಬರಿದು ಮಾಡಿ. ನಮ್ಮ ಊರಿನ ಕಾರುಗಳಲ್ಲಿ ಶೋರೂಮಿನಿಂದ ಬಂದ ವಾರದಲ್ಲೇ ಬಟ್ಟೆ ಸೀಟಿನ ಮೇಲೆ ರೆಕ್ಸಿನ್ ಕವರ್, ನೆಲಕ್ಕೆ ಮ್ಯಾಟ್, ಅದರ ಮೇಲೆ ಇನ್ನೊಂದು ಮ್ಯಾಟ್ ಬಂದಿರುತ್ತದೆ. ಕವರ್ ಮೇಲೆ ಎಷ್ಟು ಒರೆಸಿದರೂ ಒಳಗಿನ ತೆಳು ಸ್ಪಂಜು ಮತ್ತು ಅದರಡಿಯ ಮೂಲ ಬಟ್ಟೆ ವಾಸನೆಯನ್ನು ಹಿಡಿದಿಟ್ಟುಕೊಂಡೇ ಇರುತ್ತವೆ. ಕವರ್ ಬಿಚ್ಚಿ. ಹೊಲಿಗೆಯ ಸಂದುಗಳಲ್ಲಿ ವಾಸನೆ ಗಟ್ಟಿಯಾಗಿದ್ದರೆ ತೊಳೆಯಲು ಹೋಗಬೇಡಿ, ಎಸೆಯಿರಿ. ಹೊಸ ಕವರ್ ಹಾಕಿಸುವುದು ಎಲ್ಲ ಕೆಲಸ ಮುಗಿದು, ಸೀಟು ಪೂರ್ತಿ ಒಣಗಿದ ಮೇಲೆ. ಡ್ಯಾಶ್‌ಬೋರ್ಡ್ ಮೇಲಿನ ಮಖಮಲ್ ಹಾಸು, ಕುತ್ತಿಗೆ ದಿಂಬು, ಸ್ಟೀರಿಂಗ್ ಕವರ್ ಎಲ್ಲಕ್ಕೂ ಇದೇ ಮಾತು. ಆಶ್‌ಟ್ರೇ ಇದ್ದರೆ ತೆಗೆದು ಸೋಪಿನ ನೀರಲ್ಲಿ ನೆನೆಹಾಕಿ.

ಡಿಕ್ಕಿಯನ್ನೂ ಬಿಡಬೇಡಿ. ಕಾರಿನೊಳಗಿನ ಗಾಳಿ ಹೊರಗೆ ಹೋಗುವ ಕಿಂಡಿಗಳು ಹೆಚ್ಚಿನ ಕಾರುಗಳಲ್ಲಿ ಹಿಂದಿನ ಬಂಪರ್ ಒಳಗಡೆ ಇರುತ್ತವೆ. ಮುಂದೆ ಕೂತು ಸೇದಿದ ಹೊಗೆ ಡಿಕ್ಕಿಯ ಪಕ್ಕದ ಲೈನಿಂಗ್ ದಾಟಿಕೊಂಡೇ ಆಚೆ ಹೋಗುತ್ತದೆ. ಎಲ್ಲ ತೊಳೆದರೂ ಹಿಂದಿನ ಸೀಟಿನವರಿಗೆ ಮಾತ್ರ ವಾಸನೆ ಬರುತ್ತಿದ್ದರೆ ಕಾರಣ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಡಿಕ್ಕಿಯ ಹಾಸು, ಸ್ಟೆಪ್ನಿ ಮೇಲಿನ ಹಲಗೆ, ಪಕ್ಕದ ಲೈನಿಂಗ್ ಎಲ್ಲವನ್ನೂ ವ್ಯಾಕ್ಯೂಮ್ ಮಾಡಿ ಒರೆಸಬೇಕು.

ಇನ್ನು ಯಾವುದರಿಂದ ಒರೆಸುವುದು? ನಿಕೋಟಿನ್ ಕ್ಷಾರೀಯ ಗುಣದ್ದು. ಹುಳಿ ತಾಗಿದರೆ ಅದು ಲವಣವಾಗುತ್ತದೆ, ಆವಿಯಾಗುವುದು ನಿಲ್ಲುತ್ತದೆ, ನೀರಿನಲ್ಲಿ ಕರಗಿ ಬಟ್ಟೆಗೆ ಬರುತ್ತದೆ. ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಒಂದು ಪಾಲು, ನೀರು ಮೂರು ಪಾಲು ಸಾಕು. ವಿನೆಗರ್ ವಾಸನೆ ಆಗದವರು ಒಂದು ಲೀಟರ್ ನೀರಿಗೆ 10 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಕರಗಿಸಿಕೊಳ್ಳಬಹುದು. ಟಾರಿನ ಜಿಡ್ಡಿಗೆ ಮಾತ್ರ ಸೋಪೇ ಬೇಕು: ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ 10 ಮಿ.ಲೀ. ಮೊದಲು ಸೋಪು, ನಂತರ ಹುಳಿ, ಕೊನೆಗೆ ಬರೀ ನೀರಿನ ಬಟ್ಟೆ.

ಎಲ್ಲರೂ ಹೇಳುವ ಅಡುಗೆ ಸೋಡಾ ನನ್ನ ಲೆಕ್ಕದಲ್ಲಿ ಅತಿಯಾಗಿ ಹೊಗಳಿಸಿಕೊಂಡ ವಸ್ತು. ಸೋಡಾ ಕೂಡ ಕ್ಷಾರವೇ, ನಿಕೋಟಿನ್‌ಗೆ ಅದು ಏನೂ ಮಾಡದು. ಬೆವರು, ಚೆಲ್ಲಿದ ಹಾಲು ಮುಂತಾದ ಹುಳಿ ವಾಸನೆಗಳಿಗೆ ಅದು ಸರಿ. ಹಾಕುವುದಾದರೆ ಒಣಗಿದ ಸೀಟಿನ ಮೇಲೆ ಮಾತ್ರ, ಒಂದು ಹ್ಯಾಚ್‌ಬ್ಯಾಕಿಗೆ 250 ಗ್ರಾಂ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಒದ್ದೆ ಬಟ್ಟೆ ಮೇಲೆ ಹಾಕಿದರೆ ಹೆಪ್ಪುಗಟ್ಟಿ ಬಿಳಿ ಕಲೆ ಉಳಿಯುತ್ತದೆ. ವಿನೆಗರ್ ಮತ್ತು ಸೋಡಾ ಎರಡನ್ನೂ ಬೆರೆಸಿ ಹಾಕುವುದು ಬರೀ ದಂಡ, ನೊರೆ ಬಂದು ಎರಡರ ಗುಣವೂ ಹೋಗುತ್ತದೆ. ಬ್ಲೀಚಿಂಗ್ ನೀರಿನ ಜೊತೆಗಂತೂ ವಿನೆಗರ್ ಸೇರಿಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಈಗ ಚಾವಣಿ, ಅಂದರೆ ರೂಫ್ ಲೈನಿಂಗ್. ಬಿಸಿ ಹೊಗೆ ಮೇಲಕ್ಕೇ ಏಳುವುದರಿಂದ ಅತಿ ಹೆಚ್ಚು ಟಾರ್ ಕೂರುವುದು ಇಲ್ಲಿ. ಅತಿ ಹೆಚ್ಚು ಕಾರುಗಳು ಹಾಳಾಗುವುದೂ ಇಲ್ಲೇ. ರೂಫ್ ಬಟ್ಟೆಯ ಹಿಂದೆ ತೆಳುವಾದ ಫೋಮ್ ಇರುತ್ತದೆ, ಅದನ್ನು ಗಟ್ಟಿ ಹಲಗೆಗೆ ಅಂಟಿನಿಂದ ಹಿಡಿಸಿರುತ್ತಾರೆ. ನೀರು ಒಳಗಿಳಿದರೆ ಅಥವಾ ಸ್ಟೀಮ್ ತಾಗಿದರೆ ಅಂಟು ಬಿಡುತ್ತದೆ, ಕೆಲವು ವಾರಗಳಲ್ಲಿ ಬಟ್ಟೆ ಜೋತುಬಿದ್ದು ತಲೆಗೆ ತಾಗುತ್ತದೆ. ಆದ್ದರಿಂದ ರೂಫಿಗೆ ನೇರವಾಗಿ ಏನನ್ನೂ ಸ್ಪ್ರೇ ಮಾಡಬೇಡಿ. ಫೋಮ್ ಕ್ಲೀನರನ್ನು ಬಿಳಿ ಮೈಕ್ರೋಫೈಬರ್ ಬಟ್ಟೆಗೆ ಹಾಕಿಕೊಂಡು, ಒಂದಡಿ ಚೌಕದಷ್ಟು ಜಾಗವನ್ನು ಒಂದೇ ದಿಕ್ಕಿನಲ್ಲಿ ಹಗುರವಾಗಿ ಒರೆಸಿ. ಬ್ರಷ್ ಬೇಡ, ನೂಲು ಏಳುತ್ತದೆ. ಮುಂದಿನ ಚೌಕ ಹಿಂದಿನದರ ಅಂಚಿನ ಮೇಲೆ ಸ್ವಲ್ಪ ಬರಬೇಕು, ಇಲ್ಲದಿದ್ದರೆ ನಡುವೆ ಗೆರೆ ಉಳಿಯುತ್ತದೆ. ಡ್ರೈವರ್ ಮೇಲಿನ ಭಾಗ ಮಾತ್ರ ಒರೆಸಿ ನಿಲ್ಲಿಸಿದರೆ ಅಲ್ಲಿ ಬೆಳ್ಳಗೆ ತೇಪೆ ಹಾಕಿದಂತೆ ಕಾಣುತ್ತದೆ, ಆದ್ದರಿಂದ ಶುರು ಮಾಡಿದ ಮೇಲೆ ಪೂರ್ತಿ ರೂಫ್ ಮುಗಿಸಲೇಬೇಕು. ಬಟ್ಟೆ ಹಳದಿಯಾದಾಗಲೆಲ್ಲ ಮಡಿಕೆ ಬದಲಿಸಿ. ಎಂಟು ಹತ್ತು ಬಟ್ಟೆ ಕೈಯಲ್ಲಿರಲಿ. ಜಾಸ್ತಿ ಸೇದಿದ ಕಾರಾದರೆ ಮೊದಲ ಸುತ್ತು ಒಣಗಿದ ಮೇಲೆ ಎರಡನೇ ಸುತ್ತು ಬೇಕಾಗುತ್ತದೆ, ಒಂದೇ ದಿನ ಎರಡನ್ನೂ ಮಾಡಬೇಡಿ. ಸನ್ ವೈಸರ್‌ನ ಎರಡೂ ಮೈ, ಮೇಲಿನ ಹಿಡಿಕೆಗಳು, ರೂಫ್ ಲೈಟಿನ ಸುತ್ತ, ಕಂಬಗಳ ಪ್ಲಾಸ್ಟಿಕ್ ಎಲ್ಲವೂ ಇದೇ ಸುತ್ತಿನಲ್ಲಿ ಮುಗಿಯಲಿ.

ಗಾಜಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಸಮಪಾಲು ಬೆರೆಸಿ ಒರೆಸಿದರೆ ಟಾರ್ ಬೇಗ ಬಿಡುತ್ತದೆ. ಇದನ್ನು ಟಚ್‌ಸ್ಕ್ರೀನ್‌ಗೂ ಮೀಟರಿನ ಮೇಲಿನ ಪಾರದರ್ಶಕ ಪ್ಲಾಸ್ಟಿಕ್‌ಗೂ ತಾಗಿಸಬೇಡಿ, ಕೋಟಿಂಗ್ ಹೋಗಬಹುದು, ಸಣ್ಣ ಬಿರುಕೂ ಬರಬಹುದು. ಡ್ಯಾಶ್‌ಬೋರ್ಡ್, ಡೋರ್ ಪ್ಯಾಡ್, ಎಸಿ ವೆಂಟಿನ ರೆಕ್ಕೆಗಳಿಗೆ ಸೋಪು ನೀರು ಸಾಕು, ವೆಂಟಿಗೆ ಹಳೆಯ ಪೇಂಟ್ ಬ್ರಷ್ ಒಳ್ಳೆಯದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು, ಒಳಗೆ ಹೋಗದಂತೆ ಕ್ಲಿಪ್ ಹಾಕಿ, ಸೋಪು ನೀರಿನ ಬಟ್ಟೆಯಿಂದ ಎರಡೂ ಮೈ ಒರೆಸಿ ರಾತ್ರಿಯಿಡೀ ಹಾಗೇ ಬಿಡಿ. ಒದ್ದೆ ಬೆಲ್ಟ್ ಒಳಗೆ ಸುತ್ತಿಕೊಂಡರೆ ಮುಗ್ಗಲು ವಾಸನೆ ಬರುತ್ತದೆ.

ಸೀಟು ಮತ್ತು ಕಾರ್ಪೆಟ್ ವಿಷಯದಲ್ಲಿ ಜನ ತಪ್ಪುವುದು ನೀರಿನ ಅಳತೆಯಲ್ಲಿ. ಕಾರ್ಪೆಟ್ ಕೆಳಗೆ ದಪ್ಪನೆಯ ಫೆಲ್ಟ್ ಇರುತ್ತದೆ. ಬಕೆಟ್ ನೀರು ಸುರಿದು ಉಜ್ಜಿದರೆ ಸಿಗರೇಟ್ ವಾಸನೆ ಹೋಗಿ ಬೂಷ್ಟಿನ ವಾಸನೆ ಬರುತ್ತದೆ, ಅದನ್ನು ತೆಗೆಯುವುದು ಇನ್ನೂ ಕಷ್ಟ. ಒಂದು ಲೀಟರ್ ನೀರಿಗೆ 20 ರಿಂದ 30 ಮಿ.ಲೀ. ಅಪ್‌ಹೋಲ್ಸ್ಟರಿ ಶಾಂಪೂ ಹಾಕಿ, ನೊರೆಯನ್ನು ಮಾತ್ರ ಮೃದು ಬ್ರಷ್‌ನಲ್ಲಿ ಉಜ್ಜಿ, ತಕ್ಷಣ ನೀರು ಎಳೆಯುವ ವ್ಯಾಕ್ಯೂಮ್‌ನಿಂದ ಎಳೆಯಿರಿ. ಎಳೆದ ನೀರಿನ ಬಣ್ಣ ನೋಡಿ. ಟೀ ಬಣ್ಣದಿಂದ ತಿಳಿಯಾಗುವವರೆಗೆ ಮತ್ತೆ ಮಾಡಿ. ಆ ಮೆಷಿನ್ ಇಲ್ಲದಿದ್ದರೆ ಈ ಒಂದು ಭಾಗವನ್ನು ಡೀಟೇಲಿಂಗ್ ಅಂಗಡಿಗೆ ಕೊಡುವುದು ಲೇಸು. ಕೊಡುವ ಮುನ್ನ ನೀರು ಎಳೆಯುವ ಮೆಷಿನ್ ಇದೆಯೇ ಎಂದು ಕೇಳಿ, ಬರೀ ಫೋಮ್ ಹಚ್ಚಿ ಒರೆಸುವವರಿಂದ ಸ್ಪಂಜಿನೊಳಗಿನದು ಹೋಗದು. ಮುಂದಿನ ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಸೀಟ್ ಬೆಲ್ಟಿನದು. ಅಲ್ಲಿಗೆ ನೀರು ಹೊಡೆಯಬೇಡಿ, ಕೀ ಆನ್ ಇದ್ದಾಗ ಬಿಚ್ಚಬೇಡಿ. ಬಿಚ್ಚಿದರೆ ಮೀಟರ್‌ನಲ್ಲಿ ಏರ್‌ಬ್ಯಾಗ್ ಲೈಟ್ ಉರಿಯತೊಡಗುತ್ತದೆ, ಅದನ್ನು ಆರಿಸಲು ಸ್ಕ್ಯಾನರ್ ಬೇಕಾಗಬಹುದು.

ಒಣಗಿಸುವುದಕ್ಕೆ ನಾಲ್ಕೂ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟು ಕನಿಷ್ಠ ಎಂಟು ಗಂಟೆ. ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಅಷ್ಟೂ ಬೇಡ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೀಟು ಕಾರ್ಪೆಟ್ ಒದ್ದೆ ಮಾಡುವ ಕೆಲಸಕ್ಕೇ ಇಳಿಯಬೇಡಿ. ಆ ತಿಂಗಳುಗಳಲ್ಲಿ ರೂಫ್, ಗಾಜು, ಪ್ಲಾಸ್ಟಿಕ್ ಮತ್ತು ಎಸಿ ಮುಗಿಸಿಕೊಂಡು, ಉಳಿದದ್ದನ್ನು ಬಿಸಿಲು ಬಂದ ಮೇಲೆ ಮಾಡಿ.

ಎಸಿ ಓಡುವಾಗ ಅದರ ಕೂಲಿಂಗ್ ಕಾಯಿಲ್ ತಣ್ಣಗೆ, ಒದ್ದೆಯಾಗಿ ಇರುತ್ತದೆ. ಗಾಜು ಏರಿಸಿ ಎಸಿ ಹಾಕಿಕೊಂಡು ಸೇದಿದಾಗ ಅದೇ ಹೊಗೆ ಮತ್ತೆ ಮತ್ತೆ ಆ ಕಾಯಿಲ್ ಮೂಲಕ ಹಾದು ಅಂಟಿಕೊಳ್ಳುತ್ತದೆ. ಸೀಟು ರೂಫ್ ಎಲ್ಲ ಶುದ್ಧವಾಗಿದ್ದೂ ಎಸಿ ಹಾಕಿದ ಮೊದಲ ನಿಮಿಷದಲ್ಲಿ ವಾಸನೆ ಬಂದರೆ ಕಾಯಿಲ್ ಬಾಕಿ ಇದೆ ಎಂದರ್ಥ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಇಳಿಸಿದರೆ ಕ್ಯಾಬಿನ್ ಫಿಲ್ಟರ್ ಸಿಗುತ್ತದೆ. ಕೆಲವು ಹಳೆಯ ಬೇಸ್ ಮಾಡೆಲ್‌ಗಳಲ್ಲಿ ಫಿಲ್ಟರೇ ಇರುವುದಿಲ್ಲ, ಅಂಥವುಗಳ ಕಾಯಿಲ್ ಇನ್ನೂ ಕೊಳೆಯಾಗಿರುತ್ತದೆ. ಫಿಲ್ಟರ್ ತೆಗೆಯಿರಿ. ಮೊದಲು ಎಸಿ ಓಡಿಸಿ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯೇ ನೋಡಿ. ತೊಟ್ಟಿಕ್ಕದಿದ್ದರೆ ಡ್ರೈನ್ ಪೈಪ್ ಕಟ್ಟಿರಬಹುದು. ಅದನ್ನು ಬಿಡಿಸದೆ ಫೋಮ್ ಹೊಡೆದರೆ ಕೊಳೆ ನೀರೆಲ್ಲ ನೀವು ಆಗಷ್ಟೇ ತೊಳೆದ ಕಾರ್ಪೆಟ್ ಮೇಲೆ ಬರುತ್ತದೆ. ನಂತರ ಎಸಿ, ಬ್ಲೋವರ್ ಎರಡನ್ನೂ ಆಫ್ ಮಾಡಿ, ಉದ್ದ ಪೈಪ್ ಇರುವ ಕಾಯಿಲ್ ಕ್ಲೀನರ್ ಫೋಮನ್ನು ಕಾಯಿಲ್ ಕಡೆಗೆ ಹೊಡೆಯಿರಿ. ಬ್ಲೋವರ್ ಮೋಟಾರಿನ ಮೇಲೆ ಬೀಳಬಾರದು. 15 ನಿಮಿಷ ಬಿಟ್ಟು, ಗಾಜು ಇಳಿಸಿ ಬ್ಲೋವರನ್ನು ನಿಧಾನಕ್ಕೆ ಓಡಿಸಿ, ಆಮೇಲೆ ಹತ್ತು ನಿಮಿಷ ಹೀಟರ್ ಫುಲ್.

ಹೊಸ ಫಿಲ್ಟರನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ, ಮೊದಲೇ ಹಾಕಿದರೆ ಅದೇ ವಾಸನೆ ಹೀರಿಕೊಂಡು ಕೂರುತ್ತದೆ. ಬಿಳಿ ಕಾಗದದ ಫಿಲ್ಟರ್ ಧೂಳು ಮಾತ್ರ ಹಿಡಿಯುತ್ತದೆ, ಆಕ್ಟಿವೇಟೆಡ್ ಕಾರ್ಬನ್ ಇರುವ ಕಪ್ಪು ಬೂದು ಬಣ್ಣದ್ದು ಕೇಳಿ ತನ್ನಿ. ಅಂಚಿನ ಮೇಲಿನ ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗಿರಲಿ. ಎರಡು ತಿಂಗಳಿಗೆ ಇದನ್ನೂ ತೆಗೆದು ಇನ್ನೊಂದು ಹಾಕಿ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ, ಆದರೆ ಸಂದುಗೊಂದುಗಳಲ್ಲಿ ಉಳಿದದ್ದನ್ನು ಹೀರಿ ಅದರ ಕಾರ್ಬನ್ ತುಂಬಿರುತ್ತದೆ.

ಓಜೋನ್ ಟ್ರೀಟ್‌ಮೆಂಟ್, ಅಂದರೆ ವಾಸನೆ ತೆಗೆಯಲು ಮೆಷಿನ್‌ನಿಂದ ಕಾರಿನೊಳಗೆ ಓಜೋನ್ ಅನಿಲ ಬಿಡುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ. ತೊಳೆಯುವ ಬದಲಿಗೆ ಅದನ್ನು ಮಾಡಿಸುವುದು ದುಡ್ಡು ಹಾಳು. ಪದರ ಹಾಗೇ ಇದ್ದಾಗ ಓಜೋನ್ ಬಿಟ್ಟರೆ ಅದು ನಿಕೋಟಿನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್‌ನಂಥ ಬೇರೆ ಕೆಟ್ಟ ವಸ್ತುಗಳನ್ನು ಹುಟ್ಟಿಸುತ್ತದೆ, ಒಂದೆರಡು ವಾರಕ್ಕೆ ವಾಸನೆ ಮರಳುತ್ತದೆ. ಎಲ್ಲ ತೊಳೆದ ಮೇಲೂ ಎಳೆಯಷ್ಟು ಉಳಿದಿದ್ದರೆ ಮಾತ್ರ ಒಂದು ಸಲ, 20 ರಿಂದ 30 ನಿಮಿಷ ಮಾಡಿಸಿ. ಓಜೋನ್ ಗಾಳಿಗಿಂತ ಭಾರ, ಮೆಷಿನ್ ಎತ್ತರದಲ್ಲಿರಬೇಕು. ಒಳಗೆ ಮನುಷ್ಯರಾಗಲಿ ಪ್ರಾಣಿಯಾಗಲಿ ಇರಲೇಬಾರದು, ಮುಗಿದ ಮೇಲೆ ಬಾಗಿಲು ತೆಗೆದು ಒಂದು ಗಂಟೆ ಗಾಳಿಯಾಡಬೇಕು. ಮತ್ತೆ ಮತ್ತೆ ಮಾಡಿಸಿದರೆ ಬಾಗಿಲ ರಬ್ಬರ್ ಬೀಡಿಂಗ್ ಬಿರುಕು ಬಿಡುತ್ತದೆ. ಕಾಫಿ ಪುಡಿ, ಕರ್ಪೂರ, ಹೆಚ್ಚಿದ ಈರುಳ್ಳಿ ಇಡುವವರಿದ್ದಾರೆ; ಅವು ತಮ್ಮ ವಾಸನೆ ಸೇರಿಸುತ್ತವೆ, ಇದ್ದದ್ದನ್ನು ತೆಗೆಯುವುದಿಲ್ಲ.

ಕೆಲಸ ಆಯಿತೋ ಇಲ್ಲವೋ ಎಂದು ನಿಮ್ಮ ಮೂಗನ್ನು ಕೇಳಬೇಡಿ, ಎರಡು ದಿನ ಅದರೊಳಗೇ ಕೂತು ಅದಕ್ಕೆ ಒಗ್ಗಿಹೋಗಿರುತ್ತದೆ. ಗಾಜು ಏರಿಸಿ ಮೂರು ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಸಿಗರೇಟ್ ಸೇದದ ಬೇರೆಯವರಿಂದ ಬಾಗಿಲು ತೆಗೆಸಿ. ಆಗಲೂ ವಾಸನೆ ಇದ್ದರೆ ರೂಫಿಗೆ ಮೂಗು ಹತ್ತಿರ ಹಿಡಿದು ನೋಡಲು ಹೇಳಿ. ಅಲ್ಲೇ ಇದೆ ಅಂದರೆ ಮತ್ತೆ ಒರೆಸಿ ಫಲವಿಲ್ಲ, ಟಾರ್ ಫೋಮಿಗೆ ಇಳಿದಿದೆ. ಕುಶನ್ ಕೆಲಸದವರ ಹತ್ತಿರ ರೂಫ್ ಹಲಗೆ ಇಳಿಸಿ ಬಟ್ಟೆ ಮತ್ತು ಫೋಮ್ ಹೊಸದಾಗಿ ಹಾಕಿಸಿ. ಹಳೆಯ ಫೋಮನ್ನು ಪೂರ್ತಿ ಕೆರೆದು ತೆಗೆಯಲು ಹೇಳಿ, ಅದರ ಮೇಲೆಯೇ ಹೊಸ ಬಟ್ಟೆ ಅಂಟಿಸಿದರೆ ವಾಸನೆ ಅಲ್ಲೇ ಉಳಿಯುತ್ತದೆ. ರೂಫಿನ ಪಕ್ಕದ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್, ಅಂದರೆ ಅಪಘಾತದಲ್ಲಿ ಕಿಟಕಿಗೆ ಅಡ್ಡವಾಗಿ ಇಳಿಯುವ ಏರ್‌ಬ್ಯಾಗ್, ಇರುವ ಕಾರಾದರೆ ಅದನ್ನು ಬಿಚ್ಚಿ ಗೊತ್ತಿರುವವರಿಗೇ ಕೊಡಿ.