ಮಳೆಗಾಲದ ಓದಿಗೆ ಒದಗಿದ ಪತ್ತೇದಾರಿ ಕಥೆಗಳು

ಕೊಡವರ ಕಕ್ಕಡ ತಿಂಗಳ ಮಳೆ ಹಿಡಿದು ತೋಟದ ಕೆಲಸವೆಲ್ಲ ನಿಂತಿರುವ ಈ ದಿನಗಳಲ್ಲಿ ನಾನು ‘ಕೋಝಿ ಮಿಸ್ಟರಿ’ ಎಂದು ಕರೆಯಲಾಗುವ ಕಾದಂಬರಿಗಳನ್ನೇ ಓದುತ್ತಿದ್ದೇನೆ. ರಕ್ತಪಾತವನ್ನು ಮರೆಯಲ್ಲಿಟ್ಟು, ಸಾಮಾನ್ಯ ಜನರೇ ಕೊಲೆಯ ಗಂಟನ್ನು ಬಿಡಿಸುವ ಈ ಬಗೆಯ ಕಥೆಗಳು, ಒಬ್ಬರ ಮನೆಯ ಸುದ್ದಿ ಊರಿಗೆಲ್ಲ ತಿಳಿದಿರುವ ಕೊಡಗಿನ ನಮಗೆ ಬೇಗನೆ ಹತ್ತಿರವಾಗುತ್ತವೆ.

ರಿಚರ್ಡ್ ಓಸ್ಮನ್ ಅವರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ 2020ರಲ್ಲಿ ಬಂದಿತು. ಇಂಗ್ಲೆಂಡಿನ ಕೆಂಟ್‌ನಲ್ಲಿರುವ ನಿವೃತ್ತರ ವಸತಿಯೊಂದರಲ್ಲಿ ಎಲಿಝಬೆತ್, ಜಾಯ್ಸ್, ರಾನ್ ಮತ್ತು ಇಬ್ರಾಹಿಂ ಗುರುವಾರಗಳಂದು ಸೇರಿ, ಬಗೆಹರಿಯದ ಹಳೆಯ ಪ್ರಕರಣಗಳನ್ನು ಕೆದಕುತ್ತಾರೆ. ಕೊಲೆಗಾರ ಯಾರೆಂಬುದಕ್ಕಿಂತ ಜಾಯ್ಸ್ ಬರೆಯುವ ದಿನಚರಿಯೇ ನನ್ನನ್ನು ಹೆಚ್ಚು ಹಿಡಿದಿಟ್ಟಿತು. ಅಡುಗೆ, ಮಗಳು, ನೆರೆಹೊರೆ ಎಂದು ಹರಿಯುವ ಅವಳ ಮಾತಿನ ನಡುವೆಯೇ ಮುಖ್ಯವಾದ ಸುಳಿವು ಅಡಗಿರುತ್ತದೆ. ಸರಣಿಯ ನಾಲ್ಕನೆಯ ಪುಸ್ತಕವಾದ, 2023ರ ‘ದಿ ಲಾಸ್ಟ್ ಡೆವಿಲ್ ಟು ಡೈ’ಯಲ್ಲಿ ಪತ್ತೇದಾರಿಕೆಯ ಹೆಣಿಗೆ ಸಡಿಲವಾಗಿದೆಯೆಂದೇ ನನ್ನ ಅಭಿಪ್ರಾಯ. ಆದರೂ ಎಲಿಝಬೆತ್‌ಳ ಗಂಡ ಸ್ಟೀಫನ್ ನೆನಪುಗಳನ್ನು ಕಳೆದುಕೊಳ್ಳುವ ಪುಟಗಳನ್ನು ಓದಿದಾಗ, ಕೊನೆಗಾಲದಲ್ಲಿ ನನ್ನ ಹೆಸರನ್ನೇ ಮರೆತಿದ್ದ ಅಜ್ಜಿಯ ಮುಖ ಕಣ್ಣೆದುರು ಬಂದು, ಪುಸ್ತಕವನ್ನು ಬಹಳ ಹೊತ್ತು ಮುಚ್ಚಿಟ್ಟೆ.

ವಸೀಂ ಖಾನ್ ಅವರ ಇನ್ಸ್‌ಪೆಕ್ಟರ್ ಚೋಪ್ರಾ ಸರಣಿ 2015ರಲ್ಲಿ ಆರಂಭವಾದದ್ದು. ಮುಂಬಯಿಯ ನಿವೃತ್ತ ಪೊಲೀಸ್ ಅಧಿಕಾರಿಗೆ ಮರಿಯಾನೆಯೊಂದು ಜೊತೆಯಾಗುವ ಕಲ್ಪನೆ ಮುದ್ದಾಗಿದೆ. ಆದರೆ ಕಾಫಿ ತೋಟಕ್ಕೆ ಆನೆ ಬಂದಿದೆಯೆಂದು ತಿಳಿದರೆ ಮಕ್ಕಳನ್ನು ಮನೆಯೊಳಗೇ ಉಳಿಸಿಕೊಳ್ಳುವ ನಮಗೆ ಆ ಸಲಿಗೆಯನ್ನು ಪೂರ್ತಿಯಾಗಿ ನಂಬುವುದು ಕಷ್ಟವಾಗುತ್ತದೆ.