ಏನೇನು ಒಂದೇ ಐತಿ?

ಮಂಗಳವಾರ ಸಂಜೆ ಪುಣೆಯ ಬಾಣೇರಿನಲ್ಲಿ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ವಿಜಯಪುರದ ಹುಡುಗ ಲ್ಯಾಪ್‌ಟಾಪ್ ತಿರುಗಿಸಿ ತೋರಿಸುತ್ತ ಹೇಳಿದ: "ಎಲ್ಲಾ ಒಂದೇ ಐತ್ರಿ ಅಕ್ಕಾರ. ಕೋಡ್ ಒಂದೇ, ಜಿಎಚ್‌ಸಿ ಒಂದೇ, ಪ್ಯಾಕೇಜ್ ಒಂದೇ. ಆದ್ರ ಮೂರು ಕಡೆ ಮೂರು ನಮೂನಿ ಸಾಯಾಕತ್ತೈತಿ. ಕಂಪೈಲರ್‌ದಾಗ ಬಗ್ ಐತಿ ನೋಡ್ರಿ." ಬೆಳಗಾವಿಯ ಅಕ್ಕ ಪರದೆಯ ಕಡೆ ನೋಡಲೇ ಇಲ್ಲ. "ಏನೇನು ಒಂದೇ ಐತಿ ತಮ್ಮಾ? ಒಂದು ಹಾಳಿ ಮ್ಯಾಲೆ ಬರಿ" ಅಂದರು.

ಹುಡುಗನ ಪ್ರೋಗ್ರಾಂ ದೊಡ್ಡದೇನಲ್ಲ. ಇಲ್ಲಿನ ಕನ್ನಡಿಗರ ಒಂದು ಚಿಕ್ಕ ಗ್ರಂಥಾಲಯಕ್ಕಾಗಿ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು; ಅದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವ ಕಂಪೈಲರ್ ಜಿಎಚ್‌ಸಿ. ಪುಸ್ತಕಗಳ ಹೆಸರಿರುವ ಫೈಲ್ ಓದಿ, ವಿಂಗಡಿಸಿ, ಪಟ್ಟಿ ಮುದ್ರಿಸಬೇಕು. ಒಂದೇ ಹೊತ್ತಿಗೆ ಎರಡು ಸಲ ಓಡದ ಹಾಗೆ ಒಂದು ಲಾಕ್ ಫೈಲ್ ಇದೆ. ಅವನ ಮ್ಯಾಕ್‌ನಲ್ಲಿ ಎರಡನೆಯ ಸಲ ಓಡಿಸಿದರೆ ಪರ್ಮಿಷನ್ ಇಲ್ಲ ಅನ್ನುತ್ತಿತ್ತು. ಲಿನಕ್ಸ್ ಸರ್ವರ್‌ನಲ್ಲಿ ಕೈಯಿಂದ ಓಡಿಸಿದರೆ ಸರಿ, ರಾತ್ರಿ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಸಾಧನ) ಓಡಿಸಿದರೆ ಖಾಲಿ ಪಟ್ಟಿ. ಗ್ರಂಥಾಲಯದ ವಿಂಡೋಸ್ ಯಂತ್ರದಲ್ಲಿ ಮೊದಲ ಅಕ್ಷರಕ್ಕೇ ಬೀಳುತ್ತಿತ್ತು.

ಅಕ್ಕ ಮಾಡಿದ ಮೊದಲ ಕೆಲಸವೆಂದರೆ ಕ್ಯಾಬಲ್ (ಹ್ಯಾಸ್ಕೆಲ್ ಪ್ರೋಗ್ರಾಂ ಕಟ್ಟುವ ಸಾಧನ) ಮಾಡಿಡುವ ಡಿಸ್ಟ್-ನ್ಯೂಸ್ಟೈಲ್ ಫೋಲ್ಡರ್ ತೆರೆಸಿದ್ದು. ಅದರೊಳಗಿನ ಬಿಲ್ಡ್ ಫೋಲ್ಡರ್‌ನಲ್ಲಿ ಎರಡು ಹೆಸರು ಅಕ್ಕಪಕ್ಕ ಕೂತಿದ್ದವು: ಒಂದು 'ಎಕ್ಸ್86_64-ಓಎಸ್ಎಕ್ಸ್', ಇನ್ನೊಂದು 'ಎಆರ್ಚ್64-ಓಎಸ್ಎಕ್ಸ್'. ಎರಡರ ಒಳಗೂ ಒಂದೇ ಜಿಎಚ್‌ಸಿ 9.6. ಅಂದರೆ ಒಂದೇ ಮ್ಯಾಕ್ ಮೇಲೆ ಎರಡು ಕಂಪೈಲರ್ ಓಡಿದ್ದವು. ಮೊದಲನೆಯದು ಇಂಟೆಲ್‌ಗಾಗಿ ಕಟ್ಟಿದ್ದು, ಇಂಟೆಲ್ ಪ್ರೋಗ್ರಾಂಗಳನ್ನು ಆರ್ಮ್ ಚಿಪ್‌ನ ಮ್ಯಾಕ್ ಮೇಲೆ ಓಡಿಸುವ ರೊಸೆಟ್ಟಾದ ಮೂಲಕ ನಡೆಯುತ್ತಿತ್ತು. ಆಮೇಲೆ ಹುಡುಗ ಜಿಎಚ್‌ಸಿ ಹಾಕಿಕೊಡುವ ಜಿಎಚ್‌ಸಿಅಪ್ ಹೊಸದಾಗಿ ಹಾಕಿಕೊಂಡಾಗ ಆರ್ಮ್‌ನದು ಬಂತು. '--ವರ್ಷನ್' ಕೇಳಿದರೆ ಎರಡೂ ಒಂದೇ ಉತ್ತರ ಕೊಡುತ್ತವೆ. '--ಇನ್ಫೋ' ಕೇಳಿದರೆ ಮಾತ್ರ 'ಟಾರ್ಗೆಟ್ ಪ್ಲಾಟ್‌ಫಾರ್ಮ್ ಸ್ಟ್ರಿಂಗ್' ಎಂಬ ಸಾಲಿನಲ್ಲಿ ವ್ಯತ್ಯಾಸ ಕಾಣುತ್ತದೆ. ಬಗ್ ವರದಿ ಬರೆಯುವವರು ವರ್ಷನ್ ಅಂಕಿ ಕೊಟ್ಟು ಸುಮ್ಮನಾಗುತ್ತಾರೆ. ಕೊಡಬೇಕಾದದ್ದು ಈ ಸಾಲು.

ಲಾಕ್ ಫೈಲಿನ ಗುಟ್ಟು ಅಲ್ಲೇ ಇತ್ತು. ಹುಡುಗ ಸಿ ಭಾಷೆಯ ಓಪನ್ ಫಂಕ್ಷನ್ನನ್ನು ನೇರವಾಗಿ 'ಫಾರಿನ್ ಇಂಪೋರ್ಟ್ ಸಿಕಾಲ್' (ಹ್ಯಾಸ್ಕೆಲ್‌ನಿಂದ ಸಿ ಫಂಕ್ಷನ್ ಕರೆಯುವ ದಾರಿ) ಮಾಡಿ, ಮೂರನೆಯ ಆರ್ಗ್ಯುಮೆಂಟ್ ಆಗಿ ಪರ್ಮಿಷನ್ 0644 (ಒಡೆಯ ಓದಿ ಬರೆಯಬಹುದು, ಉಳಿದವರು ಓದಬಹುದು) ಕಳಿಸುತ್ತಿದ್ದ. ಓಪನ್ ವೇರಿಯಾಡಿಕ್ ಫಂಕ್ಷನ್, ಅಂದರೆ ಆರ್ಗ್ಯುಮೆಂಟ್‌ಗಳ ಸಂಖ್ಯೆ ನಿಗದಿಯಿಲ್ಲದ್ದು. ಮೊದಲ ಎರಡು ಆರ್ಗ್ಯುಮೆಂಟ್‌ಗಳಷ್ಟೇ ಅದರ ಘೋಷಣೆಯಲ್ಲಿವೆ, ಮುಂದಿನದಕ್ಕೆ ಮೂರು ಚುಕ್ಕಿ. ಇಂಟೆಲ್ ಲಿನಕ್ಸ್‌ನಲ್ಲಿ, ಇಂಟೆಲ್ ಮ್ಯಾಕ್‌ನಲ್ಲಿ, ಆರ್ಮ್ ಲಿನಕ್ಸ್‌ನಲ್ಲೂ ಆ ಮೂರನೆಯದು ಉಳಿದವುಗಳ ಹಾಗೆ ಪ್ರೊಸೆಸರ್ ಒಳಗಿನ ಪುಟ್ಟ ಜಾಗವಾದ ರಿಜಿಸ್ಟರ್‌ನಲ್ಲೇ ಹೋಗುತ್ತದೆ. ಆಪಲ್‌ನ ಆರ್ಮ್ ನಿಯಮ ಬೇರೆ: ಚುಕ್ಕಿಗಳ ಜಾಗಕ್ಕೆ ಬರುವುದೆಲ್ಲ ಸ್ಟ್ಯಾಕ್ ಎಂಬ ಮೆಮೊರಿಯ ಜಾಗದಲ್ಲಿ ಇರಬೇಕು. ಸಿಕಾಲ್ ಅಂದಾಗ ಜಿಎಚ್‌ಸಿ ಅದನ್ನು ಸಾದಾ ಫಂಕ್ಷನ್ ಎಂದುಕೊಂಡು 0644 ಅನ್ನು ರಿಜಿಸ್ಟರ್‌ನಲ್ಲಿ ಇಡುತ್ತದೆ. ಓಪನ್ ಸ್ಟ್ಯಾಕ್ ಮೇಲೆ ಹುಡುಕುತ್ತದೆ, ಅಲ್ಲಿ ಬಿದ್ದಿರುವ ಏನೋ ಒಂದು ಅಂಕಿಯನ್ನು ಪರ್ಮಿಷನ್ ಎಂದು ಎತ್ತಿಕೊಳ್ಳುತ್ತದೆ. ಫೈಲ್ ಹುಟ್ಟುತ್ತದೆ, ಓದುವ ಬಿಟ್ ಇರಬಹುದು, ಇಲ್ಲದಿರಬಹುದು. ಎರಡನೆಯ ಸಲ ತೆರೆಯಲು ಹೋದಾಗ ಬಾಗಿಲು ಹಾಕಿರುತ್ತದೆ. ಫೈಲ್ ಅಳಿಸಿ ಮತ್ತೆ ಓಡಿಸಿ, ಪ್ರತಿ ಸಲ 'ಎಲ್ಎಸ್ -ಎಲ್' ಹೊಡೆದು ನೋಡಿದರೆ ಸಾಕು; ಯಾರೂ ಕೇಳದ ಪರ್ಮಿಷನ್ ಅಲ್ಲಿ ಕಾಣುತ್ತದೆ.

ಇದು ಕಂಪೈಲರ್‌ನ ತಪ್ಪಲ್ಲ. ವೇರಿಯಾಡಿಕ್ ಫಂಕ್ಷನ್‌ಗಳನ್ನು ಸಿಕಾಲ್ ಮೂಲಕ ಕರೆಯುವುದು ಸರಿಯೆಂದು ಹ್ಯಾಸ್ಕೆಲ್ ಎಲ್ಲೂ ಮಾತು ಕೊಟ್ಟಿಲ್ಲ. ಬೇರೆ ಕಡೆ ನಡೆದದ್ದು ಅದೃಷ್ಟ. 'ಸಿಎಪಿಐ ಎಫ್ಎಫ್ಐ' ಎಕ್ಸ್‌ಟೆನ್ಷನ್ ಹಾಕಿ, ಸಿಕಾಲ್ ಜಾಗದಲ್ಲಿ ಸಿಎಪಿಐ ಬರೆದು, ಹೆಡರ್ ಫೈಲಿನ ಹೆಸರು ಕೊಟ್ಟರೆ ಜಿಎಚ್‌ಸಿ ಒಂದು ಪುಟ್ಟ ಸಿ ತುಣುಕು ಬರೆದು ಸಿ ಕಂಪೈಲರ್‌ಗೆ ಕೊಡುತ್ತದೆ. ಅದಕ್ಕೆ ಮೂರು ಚುಕ್ಕಿಯ ಅರ್ಥ ಗೊತ್ತು. ಯುನಿಕ್ಸ್ ಪ್ಯಾಕೇಜ್‌ನ ಓಪನ್-ಎಫ್‌ಡಿ ಬಳಸಿದರೆ ಇಷ್ಟೂ ತಾಪತ್ರಯವಿಲ್ಲ. ಇದೇ ಜಾತಿಯ ಇನ್ನೊಂದು ಗುಂಡಿ ವಿಂಡೋಸ್‌ನಲ್ಲಿದೆ: ಸಿ ಭಾಷೆಯ 'ಲಾಂಗ್' ಅಲ್ಲಿ 64 ಬಿಟ್ ಯಂತ್ರದಲ್ಲೂ 4 ಬೈಟ್, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ 8. ಲಾಂಗ್ ಇರುವಲ್ಲಿ ಹ್ಯಾಸ್ಕೆಲ್‌ನ ಇಂಟ್ ಬರೆಯಬಾರದು, ಸಿಲಾಂಗ್ ಬರೆಯಬೇಕು.

ಹಾಳೆಯ ಮೇಲಿನ 'ಜಿಎಚ್‌ಸಿ ಒಂದೇ' ಎಂಬ ಸಾಲನ್ನು ಅಕ್ಕ ಹೊಡೆದುಹಾಕಿದರು. ಹೊಡೆದುಹಾಕುವ ಆ ರೀತಿ ನನಗೆ ಇಷ್ಟ. ಅವರು ಹುಡುಗನನ್ನು ಬೈಯಲಿಲ್ಲ, ಪಾಠವನ್ನೂ ಮಾಡಲಿಲ್ಲ. "ಇದು ಒಂದೇ ಅಲ್ಲ. ಮುಂದಿಂದು?" ಅಷ್ಟೇ.

ವಿಂಡೋಸ್‌ನ ದೂರು ಹೀಗಿತ್ತು: 'ಕಮಿಟ್‌ಬಫರ್: ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ (ಕ್ಯಾನಾಟ್ ಎನ್‌ಕೋಡ್ ಕ್ಯಾರೆಕ್ಟರ್ '\3221')'. 3221 ಅಂದರೆ ನಮ್ಮ ಕ. ಯುನಿಕೋಡ್‌ನಲ್ಲಿ ಅದರ ಅಂಕಿಯನ್ನು ದಶಮಾನದಲ್ಲಿ ಬರೆದಿದೆ. ಜಿಎಚ್‌ಸಿ ತನ್ನ ಸೋರ್ಸ್ ಫೈಲನ್ನು ಯಾವ ಓಎಸ್ ಇರಲಿ, ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಎಂದೇ ಓದುತ್ತದೆ. ಹಾಗಾಗಿ ಕನ್ನಡ ಅಕ್ಷರಗಳಿರುವ ಪ್ರೋಗ್ರಾಂ ಎಲ್ಲ ಕಡೆ ತಕರಾರಿಲ್ಲದೆ ಕಂಪೈಲ್ ಆಗುತ್ತದೆ. ಓಡುವಾಗ ಪುಟ್‌ಸ್ಟ್ರಿಂಗ್‌ಲೈನ್, ರೀಡ್‌ಫೈಲ್ ಇತ್ಯಾದಿಗಳು ಬಳಸುವುದು ಆ ಯಂತ್ರದ ಲೊಕೇಲ್, ಅಂದರೆ ಭಾಷೆ ಮತ್ತು ಎನ್‌ಕೋಡಿಂಗ್‌ನ ಸೆಟ್ಟಿಂಗ್. ವಿಂಡೋಸ್ ಕನ್ಸೋಲ್‌ನಲ್ಲಿ ಅದು ಕೋಡ್ ಪೇಜ್ (ಅಕ್ಷರಗಳ ಪಟ್ಟಿ) 437 ಇದ್ದರೆ ಕನ್ನಡಕ್ಕೆ ಜಾಗವಿಲ್ಲ. 'ಸಿಎಚ್‌ಸಿಪಿ 65001' ಹೊಡೆದು ಕೋಡ್ ಪೇಜನ್ನು ಯುಟಿಎಫ್-8 ಮಾಡಿದರೆ ಕನ್ಸೋಲ್‌ನಲ್ಲಿ ಸರಿಹೋಗುತ್ತದೆ, ಆದರೆ ಕನ್ಸೋಲ್ ಇಲ್ಲದೆ ಓಡಿದಾಗ ಜಿಎಚ್‌ಸಿ ವಿಂಡೋಸ್‌ನ ಎಎನ್‌ಎಸ್‌ಐ ಕೋಡ್ ಪೇಜ್‌ಗೆ ಹೋಗುತ್ತದೆ. ಮತ್ತೆ ಅದೇ ಗೋಳು. ಲಿನಕ್ಸ್‌ನ ಕ್ರಾನ್ ಕಥೆಯೂ ಇದೇ. ಎಸ್‌ಎಸ್‌ಎಚ್ ಮಾಡಿ ಒಳಗೆ ಹೋದಾಗ 'ಲ್ಯಾಂಗ್' ವೇರಿಯೇಬಲ್ ಇರುತ್ತದೆ, ಕ್ರಾನ್‌ಗೆ ಹಲವೆಡೆ ಇರುವುದಿಲ್ಲ. ಇಲ್ಲದಿದ್ದರೆ ಲೊಕೇಲ್ 'ಸಿ', ಎನ್‌ಕೋಡಿಂಗ್ ಆಸ್ಕಿ (ಇಂಗ್ಲಿಷ್ ಅಕ್ಷರಗಳಷ್ಟೇ ಇರುವುದು), ಮೊದಲ ಕನ್ನಡ ಅಕ್ಷರಕ್ಕೇ ಪ್ರೋಗ್ರಾಂ ಸಾಯುತ್ತದೆ. ಡಾಕರ್ ಕಂಟೇನರ್‌ನಲ್ಲೂ ಎಷ್ಟೋ ಸಲ ಹೀಗೇ ಆಗುತ್ತದೆ.

ಹುಡುಗ ಇದನ್ನು ಯಾಕೆ ಹಿಡಿಯಲಾಗಲಿಲ್ಲ ಎನ್ನುವುದು ಮುಖ್ಯ. ಅವನು ಎಲ್ಲರೂ ಮಾಡುವುದನ್ನೇ ಮಾಡಿದ್ದ, ಬಗ್ ಹುಡುಕಲು ಪುಟ್‌ಸ್ಟ್ರಿಂಗ್‌ಲೈನ್ ಜಾಗದಲ್ಲಿ 'ಪ್ರಿಂಟ್' ಹಾಕಿದ್ದ. ಪ್ರಿಂಟ್ 'ಶೋ' ಮೂಲಕ ಹೋಗುತ್ತದೆ, ಶೋ ಆಸ್ಕಿಯ ಹೊರಗಿನ ಪ್ರತಿ ಅಕ್ಷರವನ್ನೂ ಅಂಕಿಯಾಗಿಸುತ್ತದೆ. 'ಕನ್ನಡ' ಎಂಬ ಪದ "\3221\3240\3277\3240\3233" ಆಗಿ ಹೊರಬರುತ್ತದೆ. ಎಲ್ಲ ಆಸ್ಕಿ, ಯಾವ ಲೊಕೇಲ್‌ನಲ್ಲೂ ಬೀಳುವುದಿಲ್ಲ. ಪ್ರಿಂಟ್ ಹಾಕಿದರೆ ಓಡುತ್ತದೆ, ತೆಗೆದರೆ ಸಾಯುತ್ತದೆ. ಇದನ್ನು ಕಂಡವನಿಗೆ ಕಂಪೈಲರ್ ಮೇಲೆ ಅನುಮಾನ ಬರದೆ ಇನ್ನೇನು?

ಮದ್ದು ಪ್ರೋಗ್ರಾಂ ಒಳಗೇ ಇರಬೇಕು. ಮೇನ್‌ನ ಮೊದಲಲ್ಲೇ ಸೆಟ್‌ಲೊಕೇಲ್‌ಎನ್‌ಕೋಡಿಂಗ್ ಕೊಟ್ಟು ಯುಟಿಎಫ್8 ಮಾಡಿ, ಫಲಿತಾಂಶ ಮತ್ತು ದೂರು ಹೊರಬರುವ ದಾರಿಗಳಾದ ಎಸ್‌ಟಿಡಿಔಟ್ ಮತ್ತು ಎಸ್‌ಟಿಡಿಎರ್‌ಗೆ ಎಚ್‌ಸೆಟ್‌ಎನ್‌ಕೋಡಿಂಗ್ ಬೇರೆಯಾಗಿ ಕೊಡಬೇಕು. ಫೈಲ್ ಓದುವುದಕ್ಕೆ ಇನ್ನೂ ಗಟ್ಟಿ ದಾರಿ ಬೈಟ್‌ಸ್ಟ್ರಿಂಗ್ ಆಗಿ ಓದಿ ಟೆಕ್ಸ್ಟ್‌ನ ಡಿಕೋಡ್‌ಯುಟಿಎಫ್8 ಹಚ್ಚುವುದು. ಆಗ ಲೊಕೇಲ್ ನಡುವೆ ಬರುವುದೇ ಇಲ್ಲ, ವಿಂಡೋಸ್ ಸಾಲಿನ ಕೊನೆಯನ್ನು ಬದಲಿಸುವ ಕಾಟವೂ ತಪ್ಪುತ್ತದೆ. ಎನ್‌ಕೋಡಿಂಗ್ ಹೆಸರಿನ ಹಿಂದೆ '//ಟ್ರಾನ್ಸ್‌ಲಿಟ್' ಸೇರಿಸುವ ಸಲಹೆ ಕೆಲವರು ಕೊಡುತ್ತಾರೆ. ಆಗ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ, ಪ್ರೋಗ್ರಾಂ ಬದುಕುತ್ತದೆ, ಪುಸ್ತಕದ ಹೆಸರು ಸಾಯುತ್ತದೆ. ಗ್ರಂಥಾಲಯದ ಪಟ್ಟಿಗೆ ಇದಕ್ಕಿಂತ ಕೆಟ್ಟದ್ದಿಲ್ಲ.

ಹುಡುಗನ ಆಫೀಸಿನ ಹಿರಿಯರೊಬ್ಬರು, ಪುಸ್ತಕದ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಮುಗೀತಲ್ಲ ಅಂದಿದ್ದರಂತೆ. ಅವರು ಕೆಟ್ಟವರಲ್ಲ, ಕೆಲಸ ಬೇಗ ಮುಗಿಯಲಿ ಎನ್ನುವವರು. ಆದರೂ ಈ ಮಾತು ನನ್ನನ್ನು ಕೆರಳಿಸಿತು. ಕನ್ನಡ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ ಇದೆ. ಹ್ಯಾಸ್ಕೆಲ್‌ನ ಕ್ಯಾರೆಕ್ಟರ್ ಅಂದರೆ ಯುನಿಕೋಡ್ ಎಂದು ಹ್ಯಾಸ್ಕೆಲ್ 98 ವರದಿಯಲ್ಲೇ ಬರೆದಿದೆ. ಭಾಷೆ ಸಿದ್ಧವಿದೆ, ಲಿಪಿ ಸಿದ್ಧವಿದೆ, ನಡುವಿನ ಒಂದು ಸೆಟ್ಟಿಂಗ್‌ಗಾಗಿ ಲಿಪಿಯನ್ನೇ ಬಿಡು ಅನ್ನುವುದು ಎಂಥ ನ್ಯಾಯ? ಇದೇ ಪ್ರೋಗ್ರಾಂ ಪಕ್ಕದ ಓಣಿಯ ಮರಾಠಿ ವಾಚನಾಲಯದಲ್ಲಿ ಓಡಿಸಿದರೂ ಬೀಳುತ್ತಿತ್ತು, ದೂರಿನಲ್ಲಿ ಅಂಕಿಯಷ್ಟೇ ಬದಲಾಗುತ್ತಿತ್ತು.

ಮೂರನೆಯ ಸಾಲು 'ಪ್ಯಾಕೇಜ್ ಒಂದೇ' ಸುಲಭವಾಗಿ ಬಿತ್ತು. ಡೈರೆಕ್ಟರಿ ಎಂಬ ಪ್ಯಾಕೇಜ್ ಲಿನಕ್ಸ್‌ನಲ್ಲಿ ಯುನಿಕ್ಸ್ ಪ್ಯಾಕೇಜನ್ನು ಎಳೆದುಕೊಳ್ಳುತ್ತದೆ, ವಿಂಡೋಸ್‌ನಲ್ಲಿ ವಿನ್32 ಅನ್ನು. ಪೂರ್ತಿ ಒಂದೇ ಆಗಲು ಸಾಧ್ಯವೇ ಇಲ್ಲ. ಕ್ಯಾಬಲ್ ಪ್ರಾಜೆಕ್ಟ್ ಫೈಲಿನಲ್ಲಿ 'ಇಂಡೆಕ್ಸ್-ಸ್ಟೇಟ್' ತಾರೀಖು (ಯಾವ ದಿನದ ಪ್ಯಾಕೇಜ್ ಪಟ್ಟಿ ಬಳಸಬೇಕು ಎಂಬುದು) ಹಾಕಿದರೆ ಉಳಿದದ್ದಾದರೂ ಒಂದು ಹಿಡಿತಕ್ಕೆ ಬರುತ್ತದೆ. 'ಕೋಡ್ ಒಂದೇ' ಎಂಬುದೂ ಅರ್ಧ ನಿಜ: ವಿಂಡೋಸ್‌ಗಾಗಿ 'ಮಿಂಗ್‌ಡಬ್ಲ್ಯು32' ಎಂಬ ಷರತ್ತಿನೊಳಗೆ ಬೇರೆ ಸಾಲುಗಳಿದ್ದವು. 64 ಬಿಟ್ ವಿಂಡೋಸ್‌ನನ್ನೂ ಜಿಎಚ್‌ಸಿ ಆ ಹೆಸರಿನಿಂದಲೇ ಕರೆಯುತ್ತದೆ, ಹೊಸಬರು ಗೊತ್ತಿಟ್ಟುಕೊಳ್ಳಬೇಕು.

ನಿಜವಾದ ಕಂಪೈಲರ್ ಬಗ್‌ಗಳೂ ಇರುತ್ತವೆ, ಅಲ್ಲಿಯೂ ಅಕ್ಕನ ಪ್ರಶ್ನೆಯೇ ಕೆಲಸಕ್ಕೆ ಬರುತ್ತದೆ. 'ದ ಇಂಪಾಸಿಬಲ್ ಹ್ಯಾಪನ್ಡ್' ಎಂದು ಪ್ಯಾನಿಕ್ ಬಂದರೆ ಅದು ಖಂಡಿತ ಜಿಎಚ್‌ಸಿಯದೇ, ವರದಿ ಮಾಡಿ ಎಂದು ಅದೇ ಹೇಳುತ್ತದೆ. ಕಷ್ಟ ಇರುವುದು ಸುಮ್ಮನೆ ತಪ್ಪು ಉತ್ತರ ಬಂದಾಗ. ಎರಡು ಓಎಸ್‌ಗಳಲ್ಲೂ '-ಡಿಡಂಪ್-ಸಿಂಪ್ಲ್' ಜೊತೆಗೆ '-ಡಿಸಪ್ರೆಸ್-ಯುನೀಕ್ಸ್' ಕೊಟ್ಟು ಕೋರ್ ಅನ್ನು (ಕಂಪೈಲರ್ ಒಳಗೆ ಪ್ರೋಗ್ರಾಂ ತಾಳುವ ನಡುವಿನ ರೂಪ) ಫೈಲಿಗೆ ಇಳಿಸಿ, ಡಿಫ್ ಮಾಡಿ. ಕೋರ್ ಒಂದೇ ಇದ್ದು ನಡೆ ಬೇರೆಯಾದರೆ ತಪ್ಪು ಅದರ ಕೆಳಗಿದೆ: ಕೋಡ್ ಜನರೇಟರ್, ಲಿಂಕರ್, ರನ್‌ಟೈಮ್, ಇಲ್ಲವೇ ಎಫ್‌ಎಫ್‌ಐ (ಬೇರೆ ಭಾಷೆಯ ಕೋಡ್ ಕರೆಯುವ ಭಾಗ). ಆಗ '-ಎಫ್‌ಎಲ್‌ಎಲ್‌ವಿಎಂ' ಹಾಕಿ ಎಲ್‌ಎಲ್‌ವಿಎಂ ಎಂಬ ಬೇರೆ ಕೋಡ್ ಜನರೇಟರ್‌ನಿಂದ ನೋಡಿದರೆ ಜಿಎಚ್‌ಸಿಯ ಸ್ವಂತ ಕೋಡ್ ಜನರೇಟರ್‌ನ ಮೇಲಿನ ಅನುಮಾನ ಬಗೆಹರಿಯುತ್ತದೆ. ಕೋರ್ ಹಂತದಲ್ಲೇ ಅನುಮಾನವಿದ್ದರೆ '-ಡಿಕೋರ್-ಲಿಂಟ್'. ಅದು ಆಪ್ಟಿಮೈಸರ್‌ನ ಪ್ರತಿ ಹಂತದ ನಂತರ ಟೈಪ್‌ಗಳನ್ನು ಮತ್ತೆ ಪರೀಕ್ಷಿಸುತ್ತದೆ, ಅಲ್ಲಿ ದೂರು ಬಂದರೆ ವಾದಕ್ಕೆ ಜಾಗವಿಲ್ಲ. ಆಪ್ಟಿಮೈಸರ್ ಇಲ್ಲದ '-ಓ0'ದಲ್ಲಿ ಸರಿ, ಅದಿರುವ, '-ಓ1'ರಲ್ಲಿ ತಪ್ಪು ಎನ್ನುವುದನ್ನು ಮಾತ್ರ ಸಾಕ್ಷಿ ಎಂದು ತೆಗೆದುಕೊಳ್ಳಬೇಡಿ. ಅನ್‌ಸೇಫ್‌ಪರ್ಫಾರ್ಮ್‌ಐಓ ಅಡ್ಡಾದಿಡ್ಡಿ ಬಳಸಿದ ಕೋಡ್ ಕೂಡ ಹಾಗೇ ನಡೆದುಕೊಳ್ಳುತ್ತದೆ.

ಹೊರಡುವ ಮುಂಚೆ ಹುಡುಗ, "ವಿಂಡೋಸ್ ಟೆಸ್ಟ್ ಸದ್ಯಕ್ಕ ಸ್ಕಿಪ್ ಮಾಡ್ಲೇನ್ರಿ?" ಅಂದ. ಅಕ್ಕ ಒಪ್ಪಲಿಲ್ಲ. ಸ್ಕಿಪ್ ಮಾಡಿದ ಟೆಸ್ಟನ್ನು ಯಾರೂ ಮತ್ತೆ ನೋಡುವುದಿಲ್ಲ. ಜಿಎಚ್‌ಸಿಯ ಟೆಸ್ಟ್‌ಸೂಟ್‌ನಲ್ಲಿ 'ಎಕ್ಸ್‌ಪೆಕ್ಟ್-ಬ್ರೋಕನ್' ಎಂದು ಬಗ್ ನಂಬರ್ ಜೊತೆ ಗುರುತು ಹಾಕುತ್ತಾರೆ. ಟೆಸ್ಟ್ ಓಡುತ್ತಲೇ ಇರುತ್ತದೆ, ಒಂದು ದಿನ ಪಾಸಾದರೆ ಅನಿರೀಕ್ಷಿತವಾಗಿ ಪಾಸಾಯಿತು ಎಂದು ಕೂಗುತ್ತದೆ. ಟೇಸ್ಟಿ ಎಂಬ ಟೆಸ್ಟ್ ಲೈಬ್ರರಿ ಬಳಸುವವರಿಗೆ 'ಎಕ್ಸ್‌ಪೆಕ್ಟ್‌ಫೇಲ್' ಇದೆ. ಹುಡುಗ ಅದನ್ನೇ ಹಾಕಿದ. ಜೊತೆಗೆ ಲಿನಕ್ಸ್‌ನಲ್ಲಿ ಬೇಕೆಂದೇ 'ಲ್ಯಾಂಗ್' ಅನ್ನು 'ಸಿ' ಮಾಡಿ ಒಂದು ಓಟ, ಮ್ಯಾಕ್‌ನಲ್ಲಿ ಎರಡೂ ಆರ್ಕಿಟೆಕ್ಚರ್‌ಗೆ ಒಂದೊಂದು ಓಟ ಸೇರಿಸಿದ. ಗ್ರಂಥಾಲಯದ ವಿಂಡೋಸ್‌ನಲ್ಲಿ ಟಾಸ್ಕ್ ಶೆಡ್ಯೂಲರ್‌ನಿಂದ ಓಡಿಸಿ ನೋಡುವುದು ಇನ್ನೂ ಬಾಕಿ. ಅದಕ್ಕೆ ಶನಿವಾರ ಬರುತ್ತೇನೆ ಅಂದಿದ್ದಾನೆ.